ವಾಸನೆಗೂ ಒಂದು ಹಾಜರಿ ಪುಸ್ತಕ ಬೇಕು

ಚಳ್ಳಕೆರೆಯ ಹಿರಿಯರು ಒಂದು ಮಾತು ಹೇಳುತ್ತಾರೆ. ಹಿಂದೆ ಬಸ್ಸಿನಲ್ಲಿ ಬರುವವರಿಗೆ ಈ ಊರು ಕಣ್ಣಿಗೆ ಕಾಣುವ ಮೊದಲೇ ಮೂಗಿಗೆ ಸಿಗುತ್ತಿತ್ತಂತೆ. ಶೇಂಗಾ ಹುರಿದ, ಎಣ್ಣೆ ಹಿಂಡಿದ ವಾಸನೆ. ನಾವು ಕರಾವಳಿಯವರು ನೆಲಗಡಲೆ ಅನ್ನುವುದನ್ನೇ ಇಲ್ಲಿ ಶೇಂಗಾ ಅನ್ನುತ್ತಾರೆ. ಎಣ್ಣೆ ಮಿಲ್ಲುಗಳು ಬಿಡುವಿಲ್ಲದೆ ಓಡುತ್ತಿದ್ದ ಆ ಕಾಲದಲ್ಲಿ ಚಳ್ಳಕೆರೆಗೆ ‘ಎರಡನೇ ಬಾಂಬೆ’ ಅಂತ ಹೆಸರೇ ಬಿದ್ದಿತ್ತು. ಆ ವಾಸನೆಯ ಮೇಲೆ ಯಾರೂ ಅರ್ಜಿ ಬರೆದಿರಲಿಕ್ಕಿಲ್ಲ. ಅದು ಕೂಲಿಯ ವಾಸನೆ, ವ್ಯಾಪಾರದ ವಾಸನೆ.

ಆದರೆ ಎಲ್ಲ ವಾಸನೆಯೂ ಅಂಥದ್ದಲ್ಲ. ನಾನು ಪಾಠ ಹೇಳುವ ಮದ್ರಸದ ಬೀದಿಯಲ್ಲಿ ಕೆಲವು ವರ್ಷದ ಹಿಂದೆ ಒಂದು ಗಬ್ಬುನಾತ ಶುರುವಾಯಿತು. ಸುಬಹಿ ನಮಾಝ್ ಮುಗಿದು ಮಕ್ಕಳು ಬಂದು ಕೂತರೆ, ಶಾಲಿನ ತುದಿಯಲ್ಲಿ ಮೂಗು ಮುಚ್ಚಿಕೊಂಡೇ ಓದುತ್ತಿದ್ದರು. ಒಂದಿಬ್ಬರು ತಾಯಂದಿರು ಮಕ್ಕಳಿಗೆ ವಾಂತಿ ಬರುತ್ತೆ ಅಂತ ಕಳಿಸುವುದನ್ನೇ ನಿಲ್ಲಿಸಿದರು. ಬೀದಿಯವರ ಬೆರಳೆಲ್ಲ ಹತ್ತಿರದ ಒಂದು ಮಿಲ್ಲಿನ ಕಡೆಗೇ ಇತ್ತು. ಎಲ್ಲ ಜಾತಿಯವರೂ ಸೇರಿ ಸಹಿ ಹಾಕಿ ಒಂದು ಕಚೇರಿಗೆ ಅರ್ಜಿ ಕೊಟ್ಟೆವು. ಹದಿನೈದು ದಿನ ಕಳೆದು ಒಬ್ಬ ಅಧಿಕಾರಿ ಬಂದರು. ಮಧ್ಯಾಹ್ನ ಹನ್ನೆರಡು ಗಂಟೆ, ಬಯಲುಸೀಮೆಯ ಗಾಳಿ ಜೋರಾಗಿ ಬೀಸುತ್ತಿತ್ತು. ನಾತದ ಸುಳಿವೇ ಇಲ್ಲ. “ಎಲ್ರೀ ವಾಸನೆ?” ಅಂದರು. ನಮ್ಮಲ್ಲಿ ಒಬ್ಬರಿಗೂ ಉತ್ತರ ಇರಲಿಲ್ಲ. ಅವರು ಸುಳ್ಳು ಹೇಳುತ್ತಿರಲಿಲ್ಲ, ನಾವೂ ಸುಳ್ಳು ಹೇಳಿರಲಿಲ್ಲ.

ಅವತ್ತು ಸಂಜೆ ಮಕ್ಕಳ ಹಾಜರಿ ಪುಸ್ತಕ ತೆಗೆದಾಗ ಒಂದು ವಿಷಯ ಹೊಳೆಯಿತು. ‘ನಿಮ್ಮ ಮಗ ಸರಿಯಾಗಿ ಬರುವುದಿಲ್ಲ’ ಅಂತ ನಾನು ಬಾಯಲ್ಲಿ ಹೇಳಿದರೆ ಯಾವ ತಂದೆಯೂ ಒಪ್ಪುವುದಿಲ್ಲ. ಪುಸ್ತಕ ತೆರೆದು ಇಂತಿಂಥ ದಿನ ಗೈರುಹಾಜರು ಅಂತ ತೋರಿಸಿದರೆ ಮಾತು ಮುಗಿಯುತ್ತದೆ. ವಾಸನೆಗೂ ಹಾಗೇ ಒಂದು ಹಾಜರಿ ಪುಸ್ತಕ ಇಟ್ಟರೆ ಹೇಗೆ? ಬೇರೆ ಬೇರೆ ಮೂಲೆಯ ಐದು ಮನೆಗೆ ಐದು ನೋಟ್‌ಬುಕ್ ಕೊಟ್ಟೆವು. ವಾಸನೆ ಬಂದ ಹೊತ್ತು, ಎಷ್ಟು ಜೋರು, ಗಾಳಿ ಯಾವ ಕಡೆಯಿಂದ, ಇಷ್ಟೇ. ಬಾರದ ದಿನ ಸೊನ್ನೆ.

ತಿಂಗಳು ಕಳೆದು ಐದೂ ಪುಸ್ತಕ ಪಕ್ಕಪಕ್ಕ ಇಟ್ಟು ನೋಡಿದರೆ ನಮ್ಮ ಲೆಕ್ಕವೇ ತಲೆಕೆಳಗಾಗಿತ್ತು. ಭಾನುವಾರ ಇಶಾ ಕಳೆದ ಮೇಲೆ ಶುರುವಾಗಿ ಮಂಗಳವಾರದ ತನಕ ನಾತ ಜೋರು, ಗುರುವಾರದ ಹೊತ್ತಿಗೆ ಕಡಿಮೆ. ಮಿಲ್ಲು ರಿಪೇರಿಗೆ ನಿಂತಿದ್ದ ದಿನಗಳಲ್ಲೂ ವಾಸನೆ ಬಂದಿದೆ. ಗಾಳಿ ಮಿಲ್ಲಿನ ಕಡೆಯಿಂದ ಬೀಸಿದ ದಿನ ಬಂದಿಲ್ಲ. ಹಿಂದಿನ ಹಳ್ಳದ ಕಡೆಯಿಂದ ಬೀಸಿದಾಗ, ಅಥವಾ ಗಾಳಿಯೇ ಇಲ್ಲದ ರಾತ್ರಿಯಲ್ಲಿ ಬಂದಿದೆ. ಹೋಗಿ ನೋಡಿದರೆ ಹಳ್ಳದ ಪೊದೆಯಲ್ಲಿ ಕೋಳಿ ಅಂಗಡಿಯ ತ್ಯಾಜ್ಯ, ಚೀಲಗಟ್ಟಲೆ. ಭಾನುವಾರ ಕೋಳಿ ವ್ಯಾಪಾರ ಜಾಸ್ತಿ ಅಲ್ವಾ? ಸುರಿಯುತ್ತಿದ್ದವರಲ್ಲಿ ಒಬ್ಬರು ನಮ್ಮದೇ ಜಮಾಅತಿನವರು.

ಅವರನ್ನು ಕೂರಿಸಿ ಮಾತಾಡಿದೆವು. ಕೆಟ್ಟ ಮನುಷ್ಯ ಅಲ್ಲ. ಕಸದ ಗಾಡಿಯವರು ಕೋಳಿ ಕರುಳು, ಪುಕ್ಕ ಒಯ್ಯುವುದಿಲ್ಲ, ಇನ್ನೆಲ್ಲಿ ಹಾಕಲಿ ಅಂದರು. ಅದೂ ನಿಜ. ಕೊನೆಗೆ ಅಂಗಡಿಯವರೆಲ್ಲ ಸೇರಿ ಊರಾಚೆ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚುವ ವ್ಯವಸ್ಥೆ ಮಾಡಿಕೊಂಡರು. ನಾತ ಪೂರ್ತಿ ಹೋಗಿಲ್ಲ, ಆದರೆ ಮಕ್ಕಳು ಮೂಗು ಬಿಟ್ಟು ಓದುತ್ತಿದ್ದಾರೆ. ಮಿಲ್ಲಿನ ಮಾಲೀಕರ ಬಳಿ ಹೋಗಿ ತಪ್ಪಾಯಿತು ಅಂತ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಹೇಳಿ ಬಂದೆ.

ಯಂತ್ರ ಯಾಕೆ ಸಾಲದು?

ಗಾಳಿಯನ್ನು ಅಳೆಯುವ ಯಂತ್ರ ಇಲ್ಲವೇ ಅಂತ ಕೇಳಬಹುದು. ಇದೆ. ಆದರೆ ದುರ್ವಾಸನೆ ಅನ್ನುವುದು ಹೆಚ್ಚಿನ ಸಲ ಒಂದೇ ಅನಿಲ ಅಲ್ಲ, ಹಲವು ಅನಿಲಗಳ ಮಿಶ್ರಣ. ಕೊಳೆತ ಮೊಟ್ಟೆಯ ನಾತ ಕೊಡುವ ಹೈಡ್ರೋಜನ್ ಸಲ್ಫೈಡ್ ಇದೆಯಲ್ಲ, ಅದು ನೂರು ಕೋಟಿ ಪಾಲು ಗಾಳಿಯಲ್ಲಿ ಕೆಲವೇ ಪಾಲು ಇದ್ದರೂ ಮನುಷ್ಯನ ಮೂಗಿಗೆ ಗೊತ್ತಾಗುತ್ತದೆ. ಅಷ್ಟು ಸೂಕ್ಷ್ಮವಾದ ಮೂಗನ್ನು ಅಲ್ಲಾಹು ಎಲ್ಲರಿಗೂ ಪುಕ್ಕಟೆ ಕೊಟ್ಟಿದ್ದಾನೆ.

ಯುರೋಪಿನ ಪ್ರಯೋಗಾಲಯಗಳಲ್ಲಿ ವಾಸನೆ ಅಳೆಯುವ ಉಪಕರಣವೂ ಕೊನೆಗೆ ಮನುಷ್ಯನ ಮೂಗೇ. ಕಾರ್ಖಾನೆಯ ಗಾಳಿಯನ್ನು ಚೀಲದಲ್ಲಿ ತುಂಬಿ ತಂದು, ಅದಕ್ಕೆ ಶುದ್ಧ ಗಾಳಿ ಬೆರೆಸುತ್ತಾರೆ. ಪರೀಕ್ಷೆ ಮಾಡಿ ಆರಿಸಿದ ಕೆಲವರು ಮೂಸಿ ನೋಡುತ್ತಾರೆ. ಎಷ್ಟು ಪಾಲು ತೆಳುವಾದಾಗ ಅವರಲ್ಲಿ ಅರ್ಧದಷ್ಟು ಜನರಿಗೆ ಮಾತ್ರ ವಾಸನೆ ಸಿಗುತ್ತದೋ, ಆ ಲೆಕ್ಕವೇ ವಾಸನೆಯ ಪ್ರಮಾಣ. ಇದಕ್ಕೆ 2003ರಲ್ಲಿ ಯುರೋಪಿನ ಮಾನದಂಡ ಬಂತು, 2022ರಲ್ಲಿ ಪರಿಷ್ಕರಣೆ ಆಯಿತು.

ಈ ವಿಧಾನ ಚಿಮಣಿಯ ಬಾಯಲ್ಲಿ ವಾಸನೆ ಎಷ್ಟಿದೆ ಅಂತ ಹೇಳುತ್ತದೆ. ನಮ್ಮ ಮನೆಯ ಮಗು ತಿಂಗಳಲ್ಲಿ ಎಷ್ಟು ರಾತ್ರಿ ಎದ್ದು ಕೂತಿತು ಅಂತ ಹೇಳುವುದಿಲ್ಲ. ಅದನ್ನು ಆ ಮನೆಯವರೇ ಹೇಳಬೇಕು. ಯಾಕೆಂದರೆ ವಾಸನೆಯ ತೊಂದರೆ ಜೋರು ಒಂದರಿಂದಲೇ ತೀರ್ಮಾನ ಆಗುವುದಿಲ್ಲ. ಎಷ್ಟು ಸಲ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಎಂಥ ವಾಸನೆ, ಎಲ್ಲಿಗೆ ಬರುತ್ತದೆ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮೀನಿನ ದಕ್ಕೆಯಲ್ಲಿ ಮೀನಿನ ವಾಸನೆ ಬಂದರೆ ಯಾರೂ ದೂರುವುದಿಲ್ಲ. ಅದೇ ವಾಸನೆ ಆಸ್ಪತ್ರೆಯ ವಾರ್ಡಿಗೆ ದಿನಾ ನುಗ್ಗಿದರೆ?

ಜರ್ಮನಿಯವರು ಇದಕ್ಕೆ ‘ವಾಸನೆಯ ಗಂಟೆ’ ಅಂತ ಒಂದು ಲೆಕ್ಕ ಇಟ್ಟಿದ್ದಾರೆ. ತರಬೇತಿ ಪಡೆದವರು ಒಂದು ಜಾಗದಲ್ಲಿ ಹತ್ತು ನಿಮಿಷ ನಿಂತು ಹತ್ತು ಸೆಕೆಂಡಿಗೊಮ್ಮೆ ಮೂಸುತ್ತಾರೆ. ಅರವತ್ತು ಸಲದಲ್ಲಿ ಆರು ಸಲ ವಾಸನೆ ಸಿಕ್ಕಿದರೂ ಅದು ಒಂದು ವಾಸನೆಯ ಗಂಟೆ. ವಸತಿ ಪ್ರದೇಶದಲ್ಲಿ ವರ್ಷದ ಒಟ್ಟು ಗಂಟೆಗಳಲ್ಲಿ ಇಂಥವು ನೂರಕ್ಕೆ ಹತ್ತನ್ನು ಮೀರಬಾರದು ಅನ್ನುವುದು ಅಲ್ಲಿನ ಮಿತಿ.

ಅಮೆರಿಕದ ಪಿಟ್ಸ್‌ಬರ್ಗ್ ಉಕ್ಕಿನ ಕೈಗಾರಿಕೆಯ ಊರು. ಅಲ್ಲಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 2016ರಲ್ಲಿ ‘ಸ್ಮೆಲ್ ಪಿಟ್ಸ್‌ಬರ್ಗ್’ ಅನ್ನುವ ಮೊಬೈಲ್ ಆ್ಯಪ್ ಹೊರತಂದರು. ವಾಸನೆ ಬಂದ ಕೂಡಲೇ ಜನ ಒಂದರಿಂದ ಐದರೊಳಗೆ ಅಂಕ ಕೊಡುತ್ತಾರೆ. ಅದು ನಕ್ಷೆಯ ಮೇಲೆ ಎಲ್ಲರಿಗೂ ಕಾಣುತ್ತದೆ, ಜಿಲ್ಲೆಯ ಆರೋಗ್ಯ ಇಲಾಖೆಗೂ ಹೋಗುತ್ತದೆ. ಜನರ ದೂರುಗಳನ್ನು ಗಾಳಿಯ ದಿಕ್ಕು ಮತ್ತು ಹೈಡ್ರೋಜನ್ ಸಲ್ಫೈಡ್ ಯಂತ್ರದ ಅಂಕಿಗಳ ಜೊತೆ ಇಟ್ಟು ನೋಡಿದಾಗ ಎರಡಕ್ಕೂ ಸಂಬಂಧ ಕಂಡುಬಂತು. ಅಂದರೆ ಜನರ ಮೂಗು ಸುಮ್ಮನೆ ಗೊಣಗುತ್ತಿರಲಿಲ್ಲ.

ಜೋಕಟ್ಟೆಯಿಂದ ಪಚ್ಚನಾಡಿಯ ತನಕ

ನಮ್ಮ ಓದುಗರಿಗೆ ಇದು ದೂರದ ಕಥೆ ಅಲ್ಲ. ಮಂಗಳೂರಿನ ಜೋಕಟ್ಟೆ, ಕಳವಾರು ಕಡೆಯ ಮನೆಗಳಲ್ಲಿ ನಮ್ಮ ಸಂಬಂಧಿಕರೇ ಇದ್ದಾರೆ. ಎಂಆರ್‌ಪಿಎಲ್‌ನ ಮೂರನೇ ಹಂತದ ಕೋಕ್ ಮತ್ತು ಸಲ್ಫರ್ ಘಟಕಗಳು ಶುರುವಾದ ಮೇಲೆ ಅಲ್ಲಿನ ಜನ ಕಪ್ಪು ಹುಡಿ, ಸದ್ದು, ವಾಸನೆ ಅಂತ ವರ್ಷಗಟ್ಟಲೆ ಬೀದಿಯಲ್ಲಿ ಕೂತರು. 2016ರಲ್ಲಿ ಸರಕಾರ ಹಸಿರು ವಲಯವೂ ಸೇರಿದಂತೆ ಆರು ಷರತ್ತುಗಳ ಆದೇಶ ಹೊರಡಿಸಬೇಕಾಯಿತು. ಆ ಮೂರು ದೂರುಗಳಲ್ಲಿ ಹುಡಿಯನ್ನು ಕಿಟಕಿಯಿಂದ ಬೆರಳಲ್ಲಿ ಒರೆಸಿ ಅಧಿಕಾರಿಗೆ ತೋರಿಸಬಹುದು. ಸದ್ದನ್ನು ಮೊಬೈಲಿನಲ್ಲಿ ಹಿಡಿದಿಡಬಹುದು. ವಾಸನೆಯನ್ನು ಏನು ಮಾಡುವುದು?

ಕರಾವಳಿಯಲ್ಲಿ ಇನ್ನೊಂದು ಕಷ್ಟ ಇದೆ. ಹಗಲು ಗಾಳಿ ಕಡಲಿನಿಂದ ನೆಲದ ಕಡೆಗೆ, ರಾತ್ರಿ ನೆಲದಿಂದ ಕಡಲಿನ ಕಡೆಗೆ. ಕಾರ್ಖಾನೆಯ ಪಡುವಣದ ಮನೆಗೆ ಹೆಚ್ಚಾಗಿ ರಾತ್ರಿ ವಾಸನೆ ಬರುತ್ತದೆ, ಮೂಡಣದ ಮನೆಗೆ ಹಗಲು. ಅಧಿಕಾರಿ ಬರುವುದು ಕಚೇರಿಯ ಹೊತ್ತಿನಲ್ಲಿ. ಹಾಗಾಗಿ ಪಡುವಣದ ಮನೆಯವರು ಯಾವಾಗಲೂ ಸುಳ್ಳುಗಾರರಾಗುತ್ತಾರೆ. ಚಳ್ಳಕೆರೆಯಂಥ ಒಣ ಬಯಲಿನಲ್ಲಿ ಇದು ದಿನದ ಲೆಕ್ಕಕ್ಕಿಂತ ಋತುವಿನ ಲೆಕ್ಕ. ಮುಂಗಾರಿನಲ್ಲಿ ಪಡುವಣ ಗಾಳಿ, ಚಳಿಗಾಲದಲ್ಲಿ ಮೂಡಣ ಗಾಳಿ. ಗಾಳಿ ಸತ್ತ ಚಳಿಯ ರಾತ್ರಿಯಲ್ಲಿ ವಾಸನೆ ಮೇಲೆ ಹೋಗದೆ ನೆಲಕ್ಕೇ ಅಂಟಿಕೊಂಡಿರುತ್ತದೆ.

ಪಚ್ಚನಾಡಿಯನ್ನೂ ನೆನಪಿಸಿಕೊಳ್ಳಿ. 2019ರ ಆಗಸ್ಟ್ ಮಳೆಗೆ ಅಲ್ಲಿನ ಕಸದ ಗುಡ್ಡೆ ಜಾರಿ ಮಂದಾರದ ತೋಟಗಳ ಮೇಲೆ ಬಿತ್ತು. ಎಷ್ಟೋ ಕುಟುಂಬಗಳು ಮನೆ ಬಿಟ್ಟವು. ಅವತ್ತು ಕ್ಯಾಮೆರಾಗಳು ಬಂದವು, ದೇಶಕ್ಕೇ ಗೊತ್ತಾಯಿತು. ಅದಕ್ಕೂ ಮೊದಲು ಆ ಸುತ್ತಿನ ಜನ ಉಸಿರಾಡಿದ ನಾತಕ್ಕೆ ಒಂದು ಫೋಟೊ ಕೂಡ ಇಲ್ಲ. ಬರೆದಿಟ್ಟಿದ್ದರೆ ಅದೊಂದೇ ಅದಕ್ಕೆ ಫೋಟೊ ಆಗುತ್ತಿತ್ತು.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ವಾಯುಮಾಲಿನ್ಯ ಕಾಯ್ದೆ ಬಂದದ್ದು 1981ರಲ್ಲಿ. 2009ರ ರಾಷ್ಟ್ರೀಯ ಮಾನದಂಡದ ಪಟ್ಟಿಯಲ್ಲಿ ಅಮೋನಿಯಾ ಸೇರಿ ಹನ್ನೆರಡು ಮಾಲಿನ್ಯಕಾರಕಗಳಿವೆ. ಹೈಡ್ರೋಜನ್ ಸಲ್ಫೈಡ್ ಅದರಲ್ಲಿಲ್ಲ, ‘ವಾಸನೆ’ ಅನ್ನುವ ಬಾಬ್ತೂ ಇಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2008ರಲ್ಲಿ ದುರ್ವಾಸನೆಯ ಬಗ್ಗೆ ಮಾರ್ಗಸೂಚಿ ತಂದಿತು, ಆದರೆ ಮಾರ್ಗಸೂಚಿ ಬೇರೆ, ದಾಟಬಾರದ ಗೆರೆ ಬೇರೆ.

ಹಾಗಂತ ದಾರಿಯೇ ಇಲ್ಲ ಅಂತಲ್ಲ. ಮಧ್ಯಪ್ರದೇಶದ ರತ್ಲಾಮ್ ಊರಿನ ಒಂದು ಬಡಾವಣೆಯವರು ತೆರೆದ ಚರಂಡಿ, ಮಲಮೂತ್ರ ಮತ್ತು ಮದ್ಯಸಾರ ಕಾರ್ಖಾನೆಯ ನಾರುವ ನೀರಿನ ವಿರುದ್ಧ ಮ್ಯಾಜಿಸ್ಟ್ರೇಟರ ಬಳಿ ಹೋದರು. ಪುರಸಭೆ ನಮ್ಮಲ್ಲಿ ದುಡ್ಡಿಲ್ಲ ಅಂತ ಸುಪ್ರೀಂ ಕೋರ್ಟ್ ತನಕ ವಾದ ಮಾಡಿತು. 1980ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠ ಆ ನೆಪವನ್ನು ಒಪ್ಪಲಿಲ್ಲ. ಆಗ ಅವರು ಬಳಸಿದ್ದು ದಂಡಪ್ರಕ್ರಿಯಾ ಸಂಹಿತೆಯ 133ನೇ ಕಲಂ. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಆಗಿದೆ. ಸಾರ್ವಜನಿಕರಿಗೆ ಉಪದ್ರವ ಆಗುವುದನ್ನು ತೆಗೆಸಿ ಅಂತ ಉಪವಿಭಾಗಾಧಿಕಾರಿಯವರನ್ನು ಇದರಡಿ ಕೇಳಬಹುದು. ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೂ ದೂರು ಕೊಡಬಹುದು. ಎಲ್ಲಿಗೆ ಹೋದರೂ ‘ಯಾವಾಗ? ಎಷ್ಟು ಸಲ? ಯಾರ್ಯಾರ ಮನೆಗೆ?’ ಅಂತ ಕೇಳುತ್ತಾರೆ. ಅದಕ್ಕೆ ಉತ್ತರ ಪುಸ್ತಕದಲ್ಲಿ ಇರಬೇಕು.

ಬರೆಯುವುದು ಹೇಗೆ?

ಮೊದಲನೆಯದಾಗಿ, ಬರೆಯಬೇಕಾದವರು ಮನೆಯಲ್ಲಿರುವ ಹೆಂಗಸರು. ಅಂಗಡಿಗೆ ಹೋಗುವ ಗಂಡಸರಿಗೆ ಅರ್ಧ ದಿನದ ವಾಸನೆ ಗೊತ್ತೇ ಇರುವುದಿಲ್ಲ. ನಮ್ಮ ಬೀದಿಯಲ್ಲಿ ಸರಿಯಾಗಿ ಬರೆದವರು ಇಬ್ಬರು ಉಮ್ಮಂದಿರು ಮತ್ತು ಒಬ್ಬ ಲಿಂಗಾಯತರ ಮನೆಯ ಅಜ್ಜಿ. ಗಡಿಯಾರ ನೋಡಲು ಆಗದಿದ್ದರೆ ನಮಾಝಿನ ಹೊತ್ತು ಬರೆದರೂ ಸಾಕು. ಅಸರ್ ಕಳೆದು, ಮಗ್ರಿಬ್‌ಗೆ ಮೊದಲು ಅಂತ. ಆಮೇಲೆ ಗಂಟೆಗೆ ಹೊಂದಿಸಿಕೊಳ್ಳಬಹುದು.

ಎರಡನೆಯದು, ಜೋರು ಎಷ್ಟು ಅಂತ ಅಂಕ ಹಾಕಿ. ಜರ್ಮನಿಯವರದ್ದು ಸೊನ್ನೆಯಿಂದ ಆರರ ತನಕ. ಮನೆಗೆ ಸೊನ್ನೆಯಿಂದ ಮೂರು ಸಾಕು. ಗಮನ ಕೊಟ್ಟರೆ ಮಾತ್ರ ಗೊತ್ತಾದರೆ ಒಂದು. ತಾನಾಗಿ ಗೊತ್ತಾದರೆ ಎರಡು. ಕಿಟಕಿ ಮುಚ್ಚುವ ಹಾಗಾದರೆ ಮೂರು. ಎಂಥ ವಾಸನೆ ಅಂತಲೂ ಬರೆಯಿರಿ. ಚರಂಡಿ, ಸತ್ತ ಪ್ರಾಣಿ, ಸುಟ್ಟ ಎಣ್ಣೆ, ಕೊಳೆತ ಮೊಟ್ಟೆ, ಹೀಗೆ. ಗಾಳಿಯ ದಿಕ್ಕಿಗೆ ಹಗ್ಗದ ಮೇಲೆ ಒಣಗುವ ಬಟ್ಟೆ ನೋಡಿದರೆ ಆಯಿತು.

ಮೂರನೆಯದು, ವಾಸನೆ ಇಲ್ಲದ ದಿನ ಸೊನ್ನೆ ಹಾಕಲೇಬೇಕು. ಖಾಲಿ ಬಿಟ್ಟರೆ ವಾಸನೆ ಇರಲಿಲ್ಲವೋ, ಬರೆಯಲು ಮರೆತರೋ ಗೊತ್ತಾಗುವುದಿಲ್ಲ. ಮಿಲ್ಲಿನವರು ನಿರಪರಾಧಿ ಅಂತ ನಮಗೆ ತೋರಿಸಿಕೊಟ್ಟದ್ದು ಈ ಸೊನ್ನೆಗಳೇ.

ನಾಲ್ಕನೆಯದು, ಇದನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಮಾಡಬೇಡಿ. ಒಬ್ಬರು ‘ಉಫ್, ವಾಸನೆ’ ಅಂತ ಹಾಕಿದ ಕೂಡಲೇ ಹತ್ತು ಮನೆಗೆ ವಾಸನೆ ಬರುತ್ತದೆ. ಹೇಳಿದ್ದನ್ನು ಕೇಳಿ ಮೂಗು ಹುಡುಕುವುದು ಮನುಷ್ಯನ ಸ್ವಭಾವ. ಅವರವರ ಪುಸ್ತಕ ಅವರವರೇ ಬರೆದು, ತಿಂಗಳ ಕೊನೆಗೆ ಒಟ್ಟಿಗೆ ಇಟ್ಟು ನೋಡಿ. ಸಾಕ್ಷಿ ಹೇಳುವವನು ತಾನು ಕಂಡದ್ದನ್ನೇ ಹೇಳಬೇಕು ಅಂತ ನಾವು ಮಕ್ಕಳಿಗೆ ಕಲಿಸುತ್ತೇವಲ್ಲ, ಇಲ್ಲೂ ಅದೇ ನಿಯಮ.

ಇನ್ನೊಂದು ಎಚ್ಚರಿಕೆ. ಮೂಗು ಬೇಗ ಒಗ್ಗಿಕೊಳ್ಳುತ್ತದೆ. ಮೊಳಕಾಲ್ಮೂರು ರೇಷ್ಮೆ ಸೀರೆಯ ಊರು. ಅಲ್ಲಿ ಪರಿಚಯದವರ ಮನೆಗೆ ಹೋಗಿದ್ದೆ. ಸೋಪು, ಸೋಡಾ ಹಾಕಿ ರೇಷ್ಮೆಯ ಅಂಟು ಬಿಡಿಸಲು ಕುದಿಸುತ್ತಿದ್ದರು, ಪಕ್ಕದಲ್ಲಿ ಬಣ್ಣದ ಹಂಡೆ. ಬಾಗಿಲಲ್ಲೇ ನನ್ನ ಮೂಗು ಚುರುಗುಟ್ಟಿತು. ಮನೆಯವರು “ಏನ್ ವಾಸ್ನೆ? ನಮಗೇನೂ ಇಲ್ಲಪ್ಪ” ಅಂದರು. ಅರ್ಧ ಗಂಟೆ ಕೂತ ಮೇಲೆ ನನಗೂ ಇರಲಿಲ್ಲ. ಆದ್ದರಿಂದ ಹೊರಗಿನಿಂದ ಬಂದ ನೆಂಟರಿಗೆ, ಶಾಲೆಯಿಂದ ಬಂದ ಮಕ್ಕಳಿಗೆ ಬಾಗಿಲಲ್ಲೇ ಕೇಳಿ ಬರೆದುಕೊಳ್ಳಿ. ಹೈಡ್ರೋಜನ್ ಸಲ್ಫೈಡ್ ವಿಷಯದಲ್ಲಂತೂ ಇದು ಜೀವದ ಪ್ರಶ್ನೆ. ಅದು ತೀರಾ ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಂದುಬಿಡುತ್ತದೆ. ಶೌಚಗುಂಡಿಗೆ ಇಳಿದವರು ‘ವಾಸನೆ ಹೋಯ್ತು’ ಅಂದುಕೊಳ್ಳುವ ಹೊತ್ತಿಗೇ ಕುಸಿದು ಬೀಳಬಹುದು. ವಾಸನೆ ಇಲ್ಲ ಅಂದರೆ ಅಪಾಯ ಇಲ್ಲ ಅಂತ ಯಾವತ್ತೂ ತಿಳಿಯಬಾರದು.

ಒಣಮೀನು ಮತ್ತು ಬಾಡಿಗೆ ಮನೆ

ಈಗ ನಮ್ಮವರಿಗೆ ನಾಟುವ ಮಾತು. ‘ನೀವು ಒಣಮೀನು ಸುಡುತ್ತೀರಿ, ಮಾಂಸ ಬೇಯಿಸುತ್ತೀರಿ, ವಾಸನೆ’ ಅಂತ ಬಾಡಿಗೆ ಮನೆ ಸಿಗದ ಅನುಭವ ಘಟ್ಟದ ಮೇಲೆ ಬಂದ ನಮ್ಮ ಎಷ್ಟೋ ಕುಟುಂಬಗಳಿಗೆ ಇದೆ. ವಾಸನೆಯ ಹೆಸರಿನಲ್ಲಿ ಜನರನ್ನೇ ದೂರ ಇಡುವುದು ಹಳೆಯ ಚಾಳಿ. ನೆರೆಯವರ ವರದಿಯಿಂದ ವಾಸನೆ ಅಳೆಯೋಣ ಅಂತ ನಾನು ಹೇಳುವಾಗ, ನಾಳೆ ಅದೇ ವರದಿ ನಮ್ಮ ಅಡುಗೆಮನೆಯ ಮೇಲೆ ಬಂದರೆ ಅನ್ನುವ ಭಯ ಸಹಜ.

ಈ ಭಯಕ್ಕೂ ಪುಸ್ತಕವೇ ಮದ್ದು ಅಂತ ನನಗೆ ಅನ್ನಿಸುತ್ತದೆ. ಅಡುಗೆಯ ವಾಸನೆ ಅರ್ಧ ಗಂಟೆ ಇದ್ದು ಹೋಗುತ್ತದೆ. ಪಕ್ಕದ ಒಂದೆರಡು ಮನೆ ದಾಟುವುದಿಲ್ಲ. ಹೊತ್ತು, ಅವಧಿ, ದೂರ ಬರೆದರೆ ಯಾವುದು ಉಪದ್ರವ, ಯಾವುದು ಬರೀ ಅಸಹನೆ ಅನ್ನುವುದು ಬೇರೆ ಬೇರೆಯಾಗಿ ಕಾಣುತ್ತದೆ. ಲೆಕ್ಕ ಇಲ್ಲದ ಕಡೆ ಗದ್ದಲ ಜಾಸ್ತಿ ಇರುವವನೇ ಗೆಲ್ಲುತ್ತಾನೆ, ಮತ್ತು ಆ ಗದ್ದಲ ಸಾಮಾನ್ಯವಾಗಿ ನಮ್ಮದಾಗಿರುವುದಿಲ್ಲ. ನಮ್ಮ ಬೀದಿಯಲ್ಲೂ ಲೆಕ್ಕ ಇಡದಿದ್ದರೆ ಮಿಲ್ಲಿನ ಮಾಲೀಕರು ವಿನಾ ಕಾರಣ ಅಪರಾಧಿಯಾಗಿ ಉಳಿಯುತ್ತಿದ್ದರು.

ಹಾಗೆಯೇ ನಮ್ಮ ಕಡೆಯ ಲೆಕ್ಕವನ್ನೂ ನಾವು ಬರೆಯಬೇಕು. ಹಸಿ ಬೆಳ್ಳುಳ್ಳಿ, ಈರುಳ್ಳಿ ತಿಂದವರು ಆ ವಾಸನೆಯಲ್ಲಿ ಮಸೀದಿಗೆ ಬಂದು ಪಕ್ಕದವರಿಗೆ ತೊಂದರೆ ಕೊಡಬಾರದು ಅನ್ನುವ ಹದೀಸ್ ನಮ್ಮ ಎಲ್ಲ ಮಕ್ಕಳಿಗೂ ಗೊತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಉಸ್ಮಾನಿಯಾ ಆಡಳಿತ ‘ಮಜಲ್ಲಾ’ ಎಂಬ ಕಾನೂನು ಸಂಹಿತೆ ಮಾಡಿತು. ನೆರೆಯವನಿಗೆ ಆಗುವ ಮಿತಿಮೀರಿದ ಹಾನಿಗೆ ಅದು ಕೊಡುವ ಉದಾಹರಣೆಗಳಲ್ಲಿ ಅಗಸೆ ಎಣ್ಣೆ ತೆಗೆಯುವ ಮನೆಯ ವಾಸನೆಯೂ ಒಂದು. ಪಕ್ಕದವನು ಮನೆಯಲ್ಲಿ ಇರಲಾರದಷ್ಟು ಆದರೆ ಅದನ್ನು ನಿವಾರಿಸಲೇಬೇಕು ಅನ್ನುತ್ತದೆ. ಎಣ್ಣೆ ಮಿಲ್ಲಿನ ಊರಿನಲ್ಲಿ ಕೂತು ಅದನ್ನು ಓದಿದಾಗ ನನಗೆ ನೆನಪಾದದ್ದು ಮಿಲ್ಲಲ್ಲ, ನಮ್ಮ ಕೋಳಿ ಚೀಲಗಳು.

ಬಕ್ರೀದ್‌ಗೆ ಮೊದಲು ಪ್ರತಿ ಜಮಾಅತ್ ಈ ಕೆಲಸ ಮಾಡಬಹುದು. ಹಬ್ಬಕ್ಕೆ ಎರಡು ವಾರ ಇರುವಾಗಲೇ ಮಸೀದಿಯ ಸುತ್ತಿನ ನಾಲ್ಕು ದಿಕ್ಕಿನ ನಾಲ್ಕು ಮನೆಗೆ ಪುಸ್ತಕ ಕೊಡಿ. ಅದರಲ್ಲಿ ಎರಡಾದರೂ ಬೇರೆ ಧರ್ಮದವರ ಮನೆ ಇರಲಿ. ಹಬ್ಬ ಮುಗಿದು ಎರಡು ವಾರದ ತನಕ ಬರೆಯಲಿ. ಉಳ್ಹಿಯತ್‌ನ ತ್ಯಾಜ್ಯವನ್ನು ನಾವು ಎಷ್ಟು ಚೆನ್ನಾಗಿ ಹೂತೆವು ಅನ್ನುವುದನ್ನು ಆ ಅಂಕಿಗಳು ಹೇಳುತ್ತವೆ. ಎರಡು, ಮೂರು ಬಂದಿದ್ದರೆ ಮುಂದಿನ ವರ್ಷಕ್ಕೆ ಗುಂಡಿ ಇನ್ನೂ ಆಳವಾಗಲಿ. ನಾಲ್ಕೂ ಪುಸ್ತಕದಲ್ಲಿ ಸಾಲಾಗಿ ಸೊನ್ನೆ ಬಂದಿದ್ದರೆ ಅದನ್ನು ಮದ್ರಸದ ಕಪಾಟಿನಲ್ಲಿ ಜೋಪಾನವಾಗಿ ಇಡಿ. ಯಾರಾದರೂ ಬಂದು ‘ನಿಮ್ಮ ಹಬ್ಬದ ನಾತ’ ಅಂದ ದಿನ, ಏನೂ ವಾದ ಮಾಡದೆ, ಪಕ್ಕದ ಮನೆಯವರ ಕೈಬರಹವನ್ನೇ ತೆರೆದು ತೋರಿಸಬಹುದು.